ವಿದ್ಯಾವಿಚಾರ: ಮೊದಲ ಪಾಠ ಹೇಳುವವರು

ಮಾತೃಭಾಷೆಯನ್ನು ಕಲಿಯುವುದಕ್ಕಾಗಿ ಮಕ್ಕಳು ಶಾಲೆಗೆ ಹೋಗಬೇಕಾದುದಿಲ್ಲ. ತಾಯಿಯ ಮಡಿಲಿನಲ್ಲಿಯೂ ಅಜ್ಜಿಯ ಕಥೆಯಲ್ಲಿಯೂ ಅದು ತಾನಾಗಿಯೇ ಬರುತ್ತದೆ. ಪಾಠಶಾಲೆಯು ಅದನ್ನು ತಿದ್ದುವುದೇ ಹೊರತು ಕೊಡುವುದಿಲ್ಲ. ಆದರೆ ಯಾವ ತೊಟ್ಟಿಲಿನ ಬಳಿಯಲ್ಲಿಯೂ ಕೇಳಿಬರದ ಭಾಷೆಗಳೂ ಲೋಕದಲ್ಲುಂಟು. ಪ್ರಾಚೀನ ಗ್ರೀಕರ ಭಾಷೆಯೂ ರೋಮನರ ಲ್ಯಾಟಿನ್ ಭಾಷೆಯೂ ಅಂತಹವು. ಇಂದಿನ ಗ್ರೀಸ್ ದೇಶದವರು ಆಡುವ ನುಡಿಯು ಆ ಹಳೆಯ ಗ್ರೀಕಿನ ಸಂತತಿಯೇ ಆದರೂ, ಹೋಮರನ ಕಾವ್ಯವು ಅವರಿಗೂ ಪಾಠವಿಲ್ಲದೆ ಅರ್ಥವಾಗುವುದಿಲ್ಲ. ಇಂತಹ ಭಾಷೆಗೆ ಗುರುವೇ ತಾಯಿ. ಪಾಠ ಹೇಳುವವರು ಇಲ್ಲವಾದರೆ ಪುಸ್ತಕಗಳು ಕಪಾಟಿನಲ್ಲಿ ಭದ್ರವಾಗಿಯೇ ಇರುತ್ತವೆ. ಓದುವವರು ಮಾತ್ರ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. ಒಮ್ಮೆ ನಡೆದುಹೋದ ಸಂಗತಿ. ಹದಿನಾಲ್ಕನೆಯ ಶತಮಾನದಲ್ಲಿ ಇಟಲಿ ದೇಶದ ಮಹಾಕವಿಯಾದ ಪೆಟ್ರಾರ್ಕನ ಬಳಿಯಲ್ಲಿ ಹೋಮರನ ಕಾವ್ಯದ ಗ್ರೀಕ್ ಹಸ್ತಪ್ರತಿಯೊಂದಿತ್ತು. ಲ್ಯಾಟಿನ್ ಭಾಷೆಯಲ್ಲಿ ಅವನಿಗೆ ಸಮಾನರಾದ ವಿದ್ವಾಂಸರು ಆಗ ವಿರಳ. ಆದರೂ ಆ ಗ್ರಂಥದ ಒಂದು ಪುಟವನ್ನಾದರೂ ಅವನು ಸಲೀಸಾಗಿ ಓದಲಾರದೆ ಹೋದನು. ಬರ್ಲಾಮನೆಂಬ ಸಂನ್ಯಾಸಿಯಿಂದ ಗ್ರೀಕ್ ಪಾಠವನ್ನು ಆರಂಭಿಸಿದ್ದುಂಟು. 1342ರಲ್ಲಿ ಆ ಸಂನ್ಯಾಸಿಗೆ ಬಿಷಪ್ ಪದವಿ ದೊರೆತು ಬೇರೆ ಊರಿಗೆ ಹೋಗಬೇಕಾದುದರಿಂದ ಪಾಠವು ಅರ್ಧದಲ್ಲಿಯೇ ನಿಂತುಹೋಯಿತು. ಶಿಷ್ಯನಿಗೆ ಬುದ್ಧಿಯಿತ್ತು, ಆಸಕ್ತಿಯಿತ್ತು, ಗ್ರಂಥವಿತ್ತು, ಗುರುವೊಬ್ಬನು ಇರಲಿಲ್ಲ. ಕವಿಯು ತನ್ನ ಕಡೆಗಾಲದವರೆಗೂ ಆ ಪುಸ್ತಕವನ್ನು ಆದರದಿಂದ ಇಟ್ಟುಕೊಂಡಿದ್ದು, ಅದರ ದನಿಯನ್ನು ಮೂಲದಲ್ಲಿ ಕೇಳದೆಯೇ ತೀರಿಕೊಂಡನು.

ಮುಂದೆ 1397ರಲ್ಲಿ ಫ್ಲಾರೆನ್ಸ್ ನಗರದವರು ಕಾನ್‌ಸ್ಟಾಂಟಿನೋಪಲಿನಿಂದ ಮ್ಯಾನುಯೆಲ್ ಕ್ರೈಸೊಲೊರಾಸ್ ಎಂಬ ಪಂಡಿತನನ್ನು ಸಂಬಳಕೊಟ್ಟು ಕರೆಯಿಸಿಕೊಂಡರು. ಅವನು ಅಲ್ಲಿದ್ದುದು ಮೂರು ವರ್ಷ ಮಾತ್ರ. ಆಗ ನ್ಯಾಯಶಾಸ್ತ್ರವನ್ನು ಓದುತ್ತಿದ್ದ ಲಿಯೊನಾರ್ಡೊ ಬ್ರೂನಿ ಎಂಬ ತರುಣನು ಬಹಳ ಯೋಚನೆಗೆ ಬಿದ್ದನಂತೆ. ನ್ಯಾಯಶಾಸ್ತ್ರದ ಅಧ್ಯಾಪಕರು ಊರಿನಲ್ಲಿ ಬೇಕಾದಷ್ಟು ಮಂದಿ. ಅದನ್ನು ಎಂದಾದರೂ ಕಲಿಯಬಹುದು. ಗ್ರೀಕ್ ಹೇಳುವವನಾದರೋ ಇವನೊಬ್ಬನೇ. ಹೀಗೆ ನಿಶ್ಚಯಿಸಿ ಅವನು ಇತ್ತ ತಿರುಗಿದನು. ಅನಂತರ ಪ್ಲೇಟೊ, ಅರಿಸ್ಟಾಟಲ್, ಪ್ಲೂಟಾರ್ಕ್ ಇವರ ಗ್ರಂಥಗಳು ಅವನ ಲೇಖನಿಯಿಂದ ಲ್ಯಾಟಿನಿಗೆ ಬಂದವು. ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವುಂಟು. ಕ್ರೈಸೊಲೊರಾಸನು ಪ್ರಶ್ನೋತ್ತರ ರೂಪದಲ್ಲಿ ಒಂದು ಚಿಕ್ಕ ವ್ಯಾಕರಣವನ್ನು ಬರೆದನು. ಹಿಂದಿನ ವೈಯಾಕರಣರು ಗ್ರೀಕ್ ನಾಮಪದಗಳನ್ನು 56 ವರ್ಗಗಳಾಗಿ ವಿಂಗಡಿಸಿದ್ದರು. ಇವನು ಅವನ್ನು 10ಕ್ಕೆ ಇಳಿಸಿದನು. ಹೊಸಬನ ಹೊರೆಯನ್ನು ಹೀಗೆ ಹಗುರಮಾಡಿದ ಪಾಠಕ್ರಮವೇ ಇಟಲಿಯಲ್ಲಿ ಗ್ರೀಕ್ ವಿದ್ಯೆಯು ಪುನಃ ಬೇರೂರುವುದಕ್ಕೆ ಒಂದು ಮುಖ್ಯ ಕಾರಣವಾಯಿತು.

ಈಗ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಉಚ್ಚ ವ್ಯಾಸಂಗದ ಮೂಲವನ್ನು ಹುಡುಕಿದರೂ ಇದೇ ಮಾತು ಕಂಡುಬರುತ್ತದೆ. ಪದವೀಧರರು ಒಂದು ಮೇಜಿನ ಸುತ್ತ ಕುಳಿತು, ಗುರುವಿನ ಎದುರಿನಲ್ಲಿ ಒಂದು ಗ್ರಂಥಭಾಗವನ್ನು ಶೋಧಿಸಿ ಚರ್ಚಿಸುವ ಕೂಟಕ್ಕೆ ಸೆಮಿನಾರ್ ಎಂದು ಹೆಸರು. ಜರ್ಮನಿಯ ಗಾಟಿಂಗೆನ್ ನಗರದಲ್ಲಿ 1738ರಲ್ಲಿ ಗೆಸ್ನರನೆಂಬ ಪಂಡಿತನೂ, ಹಾಲೆ ನಗರದಲ್ಲಿ 1787ರಲ್ಲಿ ಫ್ರೀಡ್ರಿಕ್ ಆಗಸ್ಟ್ ವುಲ್ಫನೂ ಇಂತಹ ಕೂಟಗಳನ್ನು ಏರ್ಪಡಿಸಿದರು. ಇವುಗಳ ಉದ್ದೇಶವೇನು? ಪ್ರೌಢಶಾಲೆಗಳಿಗೆ ಗ್ರೀಕ್ ಲ್ಯಾಟಿನ್ ಉಪಾಧ್ಯಾಯರನ್ನು ಸಿದ್ಧಪಡಿಸುವುದು! ಗಾಟಿಂಗೆನ್ನಿನಲ್ಲಿ 1853ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಗಿಲ್ಡರ್‌ಸ್ಲೀವ್ ಎಂಬ ಅಮೆರಿಕದ ವಿದ್ವಾಂಸನು, 1876ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಈ ಕ್ರಮವನ್ನು ನಡೆಯಿಸಿದನು. ಅಲ್ಲಿಂದ ಅದು ಅಮೆರಿಕ ದೇಶದಲ್ಲೆಲ್ಲ ಹಬ್ಬಿತು. ಎಂದಮೇಲೆ ಉಪಾಧ್ಯಾಯರ ತರಬೇತಿಗಾಗಿ ಹುಟ್ಟಿದ ಮರದಲ್ಲಿಯೇ ಸಂಶೋಧನೆಯೆಂಬ ಕೊಂಬೆಯೂ ಚಿಗುರಿತೆಂದು ತಿಳಿಯತಕ್ಕದ್ದು.

ಇಂದು ಅಮೆರಿಕದಲ್ಲಿ ಈ ವಿಷಯದಲ್ಲಿ ಡಾಕ್ಟರ್ ಪದವಿಗೆ ಓದುವ ವಿದ್ಯಾರ್ಥಿಯ ಪಾಡು ಸುಲಭವಾದುದಲ್ಲ. ಐದಾರು ವರ್ಷ, ಅನೇಕ ವೇಳೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಹೋಮರ್, ಸಾಫೊಕ್ಲೀಸ್, ಥುಸಿಡಿಡೀಸ್, ವರ್ಜಿಲ್, ಸಿಸೆರೊ, ಟ್ಯಾಸಿಟಸ್ ಮೊದಲಾದವರ ಗ್ರಂಥಗಳ ಉದ್ದವಾದ ಪಟ್ಟಿಯೊಂದನ್ನು ಮೂಲದಲ್ಲಿಯೇ ಓದಿ, ನಿಘಂಟಿನ ಸಹಾಯವಿಲ್ಲದೆ ಭಾಷಾಂತರ ಮಾಡುವ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಹಿಂದಿನ ಪಂಡಿತರ ಬರಹಗಳನ್ನು ತಿಳಿಯುವುದಕ್ಕಾಗಿ ಜರ್ಮನ್ ಭಾಷೆಯನ್ನೂ, ಅದರೊಡನೆ ಸಾಮಾನ್ಯವಾಗಿ ಫ್ರೆಂಚ್ ಅಥವಾ ಇಟಾಲಿಯನ್ ಭಾಷೆಯನ್ನೂ ಓದಬಲ್ಲವರಾಗಬೇಕು. ಕಡೆಯಲ್ಲಿ ಸ್ವತಂತ್ರವಾದ ಪ್ರಬಂಧವನ್ನು ಬರೆಯಬೇಕು. ಈ ಎಲ್ಲದರ ನಡುವೆ, ಎರಡನೆಯ ಅಥವಾ ಮೂರನೆಯ ವರ್ಷದಿಂದ, ಆಗ ತಾನೇ ಕಾಲೇಜಿಗೆ ಬಂದ ಹುಡುಗ ಹುಡುಗಿಯರಿಗೆ ಲ್ಯಾಟಿನ್ ಮೊದಲ ಪಾಠವನ್ನು ಹೇಳುವ ಕೆಲಸವೂ ಅವರ ಪಾಲಿಗೆ ಬರುವುದು ವಾಡಿಕೆ.

ಇಲ್ಲಿಯೇ ಒಂದು ವಿಪರ್ಯಾಸವು ಕಾಣಬರುತ್ತದೆ. ಪ್ರಬಂಧಕ್ಕೆ ಗೌರವ, ಮೊದಲ ಪಾಠವಾದರೋ ಹೊಟ್ಟೆಪಾಡಿನ ಚಾಕರಿ ಎಂಬ ಭಾವನೆಯು ಬೆಳೆದುಹೋಗಿದೆ. ಮುಂದೆ ಉದ್ಯೋಗಕ್ಕೆ ನಿಂತಾಗ ಖಾಯಂ ಪ್ರಾಧ್ಯಾಪಕ ಪದವಿಗಳು ವಿರಳವಾಗಿರುವುದರಿಂದ, ಅನೇಕರಿಗೆ ಜೀವನಾಧಾರವಾಗುವುದು ಶಾಲೆಯ ಲ್ಯಾಟಿನ್ ತರಗತಿಯೇ. ಅದನ್ನು ಸೋಲೆಂದು ಎಣಿಸುವಂತೆ ಅವರಿಗೆ ಕಲಿಸಿಟ್ಟಿರುವುದು ದುರದೃಷ್ಟಕರ. ಪ್ರಬಂಧವನ್ನು ಹತ್ತು ಮಂದಿ ಓದಿಯಾರು. ಮೊದಲ ಪಾಠವು ಕೆಟ್ಟರೆ ಮುಂದೆ ಪ್ರಬಂಧವನ್ನು ಬರೆಯುವವರೂ ಇರಲಾರರು, ಓದುವವರೂ ಇರಲಾರರು.

ಹಾಗಾದರೆ ಮೊದಲ ಪಾಠವನ್ನು ಹೇಗೆ ಹೇಳಬೇಕು? ಶಬ್ದಮಂಜರಿಯನ್ನು ಬಾಯಿಪಾಠಮಾಡಿ ಸಂಸ್ಕೃತವನ್ನು ಕಲಿತ ಮನೆಗಳಲ್ಲಿ ಈ ಪ್ರಶ್ನೆಯು ಹೊಸದಾಗಿ ತೋರದು. ಯೂರೋಪಿನ ಶಾಲೆಗಳಲ್ಲಿಯೂ ವಿಭಕ್ತಿಗಳ ಕೋಷ್ಟಕ, ಧಾತುರೂಪಗಳ ಕೋಷ್ಟಕ, ಆಮೇಲೆ ಭಾಷಾಂತರ ಎಂಬುದೇ ಬಹುಕಾಲದ ಪದ್ಧತಿ. ಕೇಂಬ್ರಿಜಿನ ಪರ್ಸ್ ಶಾಲೆಯಲ್ಲಿ 1902ರಿಂದ 1928ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ರೌಸ್ ಅವರು ಇದನ್ನು ಮುರಿದರು. ಇವರು ಕಲ್ಕತ್ತೆಯಲ್ಲಿ ಹುಟ್ಟಿದವರು. ಕೇಂಬ್ರಿಜಿನಲ್ಲಿ ಸಂಸ್ಕೃತವನ್ನೂ ಹೇಳಿಕೊಡುತ್ತಿದ್ದರು. ಹುಡುಗನನ್ನು ಎದ್ದು ನಿಲ್ಲಿಸಿ, ಬಾಗಿಲನ್ನು ತೆರೆಯಿಸಿ, ಅವನು ಮಾಡಿದುದನ್ನು ಲ್ಯಾಟಿನ್ನಿನಲ್ಲಿಯೇ ಅವನ ಬಾಯಿಂದ ಹೇಳಿಸುವಂತಹ ಕ್ರಮವಿದು. ಡೆನ್ಮಾರ್ಕ್ ದೇಶದ ಅರ್ಬೆರ್ಗ್ ಅವರು 1955ರಲ್ಲಿ, ಒಂದು ಮಾತನ್ನೂ ಬೇರೆ ಭಾಷೆಯಲ್ಲಿ ವಿವರಿಸದೆ, ಮೊದಲಿನಿಂದ ಕಡೆಯವರೆಗೆ ಲ್ಯಾಟಿನ್ನಿನಲ್ಲಿಯೇ ನಡೆಯುವ ಪಾಠಪುಸ್ತಕವನ್ನು ಹೊರತಂದರು. 1969ರಿಂದ 2009ರವರೆಗೆ ಪೋಪರ ಕಚೇರಿಯಲ್ಲಿ ಲ್ಯಾಟಿನ್ ಪತ್ರಗಳನ್ನು ಬರೆಯುತ್ತಿದ್ದ ಅಮೆರಿಕದ ಸಂನ್ಯಾಸಿ ರೆಜಿನಾಲ್ಡ್ ಫಾಸ್ಟರ್ ಅವರು, ರೋಮ್ ನಗರದಲ್ಲಿ ಬೇಸಿಗೆಯ ಪಾಠಗಳನ್ನು ಧರ್ಮಾರ್ಥವಾಗಿ ನಡೆಯಿಸಿ, ಮೊದಲ ದಿನದಿಂದಲೇ ಮೂಲಗ್ರಂಥಗಳ ವಾಕ್ಯಗಳನ್ನು ಶಿಷ್ಯರ ಕೈಗೆ ಕೊಡುತ್ತಿದ್ದರು. ಅವರು 2020ರಲ್ಲಿ ಕಾಲವಾದರು. ಅವರಿಂದ ಕಲಿತವರು ಇಂದು ಅನೇಕ ಕಡೆಗಳಲ್ಲಿ ಪಾಠ ಹೇಳುತ್ತಿರುವರು.

ಕೋಷ್ಟಕದ ಪದ್ಧತಿಯು ನಿಷ್ಪ್ರಯೋಜಕವೆಂದು ಇದರಿಂದ ಹೇಳಿದಂತಾಗುವುದಿಲ್ಲ. ಅದರಿಂದ ಖಚಿತವಾದ ಜ್ಞಾನವು ಬರುತ್ತದೆ; ಬುದ್ಧಿಗೆ ಕಟ್ಟುನಿಟ್ಟು ಬರುತ್ತದೆ. ಆದರೆ ವಾಕ್ಯದ ಅರ್ಥವನ್ನು ಲೆಕ್ಕದಂತೆ ಬಿಡಿಸುವ ಅಭ್ಯಾಸವೇ ಉಳಿದು, ಸರಾಗವಾಗಿ ಓದುವ ಸುಖವು ಅನೇಕರಿಗೆ ದೊರೆಯುವುದೇ ಇಲ್ಲ. ಮಾತಿನ ಪದ್ಧತಿಗೂ ಒಂದು ಕಷ್ಟವುಂಟು. ಆ ಭಾಷೆಯಲ್ಲಿ ತಾನೇ ನಿರರ್ಗಳವಾಗಿ ಮಾತನಾಡಬಲ್ಲ ಗುರುವು ಬೇಕು. ಅಂತಹವರು ಎಲ್ಲಿಯೂ ಅಪರೂಪ. ಉಚ್ಚ ವ್ಯಾಸಂಗದಲ್ಲಿಯೇ ಈ ಶಕ್ತಿಯನ್ನು ಬೆಳೆಯಿಸಿದ ಹೊರತು ಅವರ ಸಂಖ್ಯೆಯು ಹೆಚ್ಚುವ ಬಗೆಯಿಲ್ಲ.

ಮೊದಲ ಪಾಠವು ಯಾರಿಗೆ ದೊರೆಯುತ್ತದೆಂಬುದೂ ಸಣ್ಣ ಮಾತಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಅನುಕೂಲಸ್ಥರ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ಲ್ಯಾಟಿನ್ ಆರಂಭಿಸುತ್ತಿದ್ದರು. ಅವರ ಸೋದರಿಯರಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿರಲಿಲ್ಲ. ಆದರೂ 1887ರಲ್ಲಿ ಕೇಂಬ್ರಿಜಿನ ಗ್ರೀಕ್ ಲ್ಯಾಟಿನ್ ಪರೀಕ್ಷೆಯ ಪ್ರಥಮ ವರ್ಗದ ಮೊದಲ ವಿಭಾಗದಲ್ಲಿ ಬಂದ ಹೆಸರು ಒಂದೇ ಒಂದು; ಅದು ಅಗ್ನಾಟಾ ರಾಮ್ಸೆ ಎಂಬ ತರುಣಿಯದು. ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲು ಆ ವಿಶ್ವವಿದ್ಯಾನಿಲಯವು 1948ರವರೆಗೂ ಒಪ್ಪಲಿಲ್ಲವೆಂಬುದು ಬೇರೆ ಮಾತು. ಪ್ರವೇಶಕ್ಕೆ ಗ್ರೀಕ್ ಕಡ್ಡಾಯವೆಂಬ ನಿಯಮವನ್ನು ಕೇಂಬ್ರಿಜ್ 1919ರಲ್ಲಿಯೂ ಆಕ್ಸ್‌ಫರ್ಡ್ 1920ರಲ್ಲಿಯೂ ತೆಗೆದುಹಾಕಿದವು. 2021ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು, ಈ ವಿಭಾಗದಲ್ಲಿ ಬಿ.ಎ. ಪದವಿಗೆ ಓದುವವರಿಗೂ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲವೆಂದು ಗೊತ್ತುಮಾಡಿತು. ಶಾಲೆಯಲ್ಲಿ ಈ ಭಾಷೆಗಳನ್ನು ಕಲಿಯುವ ಅವಕಾಶವಿಲ್ಲದ ಮಕ್ಕಳಿಗೂ ಬಾಗಿಲು ತೆರೆಯಲೆಂಬ ಸದುದ್ದೇಶವು ಇದರಲ್ಲಿದೆ. ಆದರೆ ಬಾಗಿಲನ್ನು ತೆರೆಯುವುದಕ್ಕೆ ಎರಡು ಮಾರ್ಗಗಳಿವೆ: ಭಾಷೆಯನ್ನು ಬಿಟ್ಟುಬಿಡುವುದು ಒಂದು, ತಡವಾಗಿ ಬಂದವರಿಗೂ ಅದನ್ನು ಚೆನ್ನಾಗಿ ಕಲಿಸುವುದು ಮತ್ತೊಂದು. ಎರಡನೆಯದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಅದಕ್ಕೆ ನುರಿತ ಉಪಾಧ್ಯಾಯರು ಬೇಕು. ಅವರಿಗೆ ತಕ್ಕ ಸಂಬಳವೂ ಮರ್ಯಾದೆಯೂ ಬೇಕು.

ಈ ದೂರದ ವಿದ್ಯೆಯಿಂದ ನಮಗಾಗುವುದೇನೆಂದು ಗೃಹಸ್ಥರು ಕೇಳಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸರು ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ, 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನವುಂಟು. ಹಿಂದೂ ಮಹಾಸಾಗರದ ತೀರದಲ್ಲಿ ಸೆರೆಸಿಕ್ಕಿದ ಖಾರಿಟಿಯಾನ್ ಎಂಬ ಗ್ರೀಕ್ ಕನ್ಯೆಯನ್ನು ಅವಳ ಅಣ್ಣನು ಬಿಡಿಸಿಕೊಂಡು ಹೋಗುವ ಕಥೆ ಅದರದು. ಅಲ್ಲಿಯ ಅರಸನೂ ಪರಿವಾರದವರೂ ಗ್ರೀಕ್ ಅಲ್ಲದ ಯಾವುದೋ ಭಾಷೆಯನ್ನು ಆಡುತ್ತಾರೆ. ದಕ್ಷಿಣ ಹಿಂದೂಸ್ಥಾನದ ಶಾಸನಗಳಲ್ಲಿ ಪರಿಶ್ರಮವಿದ್ದ ಜರ್ಮನ್ ಪಂಡಿತ ಹುಲ್ಟ್ಸ್ ಅವರು 1904ರಲ್ಲಿ ಅದು ಕನ್ನಡವಾಗಿರಬಹುದೆಂದು ಸೂಚಿಸಿದರು. ಈ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅದು ಕನ್ನಡವಾಗಿರಲಿ, ಬಿಡಲಿ. ಅಂತಹ ಪ್ರಶ್ನೆಯೊಂದು ಹುಟ್ಟಬೇಕಾದರೆ ಗ್ರೀಕನ್ನೂ ಬಲ್ಲ, ನಮ್ಮ ನುಡಿಯನ್ನೂ ಬಲ್ಲ ಒಬ್ಬರು ಎಲ್ಲಿಯೋ ಮೊದಲ ಪಾಠಕ್ಕೆ ಕುಳಿತಿರಬೇಕಷ್ಟೆ. ಗ್ರೀಕ್ ನಾಟಕಗಳ ಸಾರವನ್ನು ಕನ್ನಡದಲ್ಲಿ ಇಳಿಸಿ 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನೂ, 1935ರಲ್ಲಿ ‘ಪಾರಸಿಕರು’ ನಾಟಕವನ್ನೂ ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರಿಂದ ನಮ್ಮ ಸಾಹಿತ್ಯಕ್ಕಾದ ಉಪಕಾರವನ್ನು ವಾಚಕರು ಬಲ್ಲರು.

ಮನೆಯ ಮಗನೋ ಮಗಳೋ ಇಂತಹ ವಿದ್ಯೆಯನ್ನು ಓದುವೆನೆಂದಾಗ, ಹೊಟ್ಟೆಗೇನು ದಾರಿಯೆಂದು ಹಿರಿಯರು ಕೇಳುವುದು ನ್ಯಾಯವೇ ಸರಿ. ಉದ್ಯೋಗದ ಸ್ಥಿತಿಯನ್ನು ಮುಚ್ಚಿಡಬಾರದು. ಜೊತೆಗೆ ಮತ್ತೊಂದು ಪ್ರಶ್ನೆಯನ್ನೂ ಕೇಳಿರಿ: ಕಲಿತುದನ್ನು ಏನೂ ತಿಳಿಯದ ಹತ್ತು ವರ್ಷದ ಮಗುವಿಗೆ ಸಂತೋಷದಿಂದ ಹೇಳಿಕೊಡಬಲ್ಲೆಯಾ? ಹೌದೆಂಬ ಉತ್ತರವು ಬಂದರೆ ಆ ಮಗುವಿನ ಓದಿಗೆ ಅಡ್ಡಬರಬೇಡಿರಿ. ಪ್ರಾಧ್ಯಾಪಕ ಪದವಿಯು ದೊರೆಯದೆ ಶಾಲೆಯ ಮೇಷ್ಟರಾದರೂ ಅವರ ವ್ಯಾಸಂಗವು ವ್ಯರ್ಥವಾಯಿತೆಂದು ಹೇಳಬೇಡಿರಿ. ಕ್ರೈಸೊಲೊರಾಸನು ಫ್ಲಾರೆನ್ಸಿನಲ್ಲಿ ಮಾಡಿದುದೂ ಆ ಕೆಲಸವನ್ನೇ.