ಅಂಕಿ ಎಲ್ಲಿ ಹೋದವು?

ಮಕ್ಕಳೇ, ಮೊನ್ನೆ ನನ್ನ ಮೊಮ್ಮಗ ಕೇಳಿದ: "ಮುತ್ಯಾ, ನೀ ಬ್ಯಾಂಕಿನಾಗ ದಿನಾ ಬರೇ ಎಣಿಸ್ಕೋತ ಕುಂತಿದ್ದೇನು?" ಹೌದೆಂದೆ. ಅವನು ನಕ್ಕ. ನನಗೆ ಸ್ವಲ್ಪ ಚುಚ್ಚಿತು.

ಅಪ್ಪನ ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಅವನು ನನ್ನ ಹಳೆಯ ಕ್ಯಾಲ್ಕುಲೇಟರನ್ನು ತಿರುಗಿಸುತ್ತಿದ್ದ. ಒಮ್ಮೆಲೇ ಕೂಗಿದ: "ಮುತ್ಯಾ, ಪರದೆ ಕಪ್ಪಾತು! ಅಂಕಿ ಎಲ್ಲಿ ಹೋದವು?"

ಅಂಕಿ ಎಲ್ಲಿಗೂ ಹೋಗಿರಲಿಲ್ಲ. ಹಗ್ಗವನ್ನು ಮೇಲೆ ಕೆಳಗೆ ಆಡಿಸಬಹುದು, ಅಕ್ಕಪಕ್ಕಕ್ಕೂ ಆಡಿಸಬಹುದು. ಬೆಳಕೂ ಹಾಗೆಯೇ ಕಂಪಿಸುತ್ತದೆ. ಬಿಸಿಲಿನಲ್ಲಿ ಎಲ್ಲ ದಿಕ್ಕಿನ ಕಂಪನವೂ ಬೆರೆತಿರುತ್ತದೆ. ಕ್ಯಾಲ್ಕುಲೇಟರಿನ ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಇದೇ ಧ್ರುವೀಕರಣ. ಕನ್ನಡಕವೂ ಒಂದೇ ದಿಕ್ಕಿನ ಕಂಪನವನ್ನು ಒಳಗೆ ಬಿಡುತ್ತದೆ. ಎರಡೂ ಅಡ್ಡವಾದರೆ ಕತ್ತಲೆ.

ಆಕಾಶದಿಂದ ಬರುವ ಎಕ್ಸ್-ಕಿರಣಗಳಿಗೂ ಈ ಗುಣವುಂಟು. ಆದರೆ ನಮ್ಮ ವಾತಾವರಣ ಅವನ್ನು ಮೇಲೆಯೇ ತಡೆದುಬಿಡುತ್ತದೆ. ಅದಕ್ಕೇ ಇಸ್ರೊ 2024ರ ಜನವರಿ 1ರಂದು ಶ್ರೀಹರಿಕೋಟಾದಿಂದ 'ಎಕ್ಸ್‌ಪೋಸ್ಯಾಟ್' ಉಪಗ್ರಹವನ್ನು ಸುಮಾರು 650 ಕಿ.ಮೀ. ಎತ್ತರಕ್ಕೆ ಕಳಿಸಿತು. ಅದರಲ್ಲಿರುವ 'ಪೋಲಿಕ್ಸ್' ಉಪಕರಣವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ಎಕ್ಸ್-ಕಿರಣಕ್ಕೆ ತಂಪು ಕನ್ನಡಕ ನಡೆಯದು. ಪೋಲಿಕ್ಸ್‌ನ ನಡುವೆ ಬೆರಿಲಿಯಂ ಎಂಬ ಹಗುರ ಲೋಹವಿದೆ. ಸುತ್ತಲೂ ನಾಲ್ಕು ಎಣಿಕೆ ಯಂತ್ರಗಳು, ಬ್ಯಾಂಕಿನ ಕೌಂಟರುಗಳ ಹಾಗೆ! ಲೋಹಕ್ಕೆ ಬಡಿದ ಕಿರಣಗಳು ತಮ್ಮ ಕಂಪನಕ್ಕೆ ಅಡ್ಡವಾದ ದಿಕ್ಕಿಗೆ ಹೆಚ್ಚು ಚದುರುತ್ತವೆ. ನಾಲ್ಕೂ ಕಡೆ ಎಣಿಕೆ ಸಮನಾದರೆ ಕಂಪನ ಬೆರಕೆ. ಎದುರುಬದುರಿನ ಎರಡರಲ್ಲಿ ಹೆಚ್ಚಾದರೆ ಧ್ರುವೀಕರಣ. ಒಂದು ಯಂತ್ರದ ದೋಷವೇ ಹಾಗೆ ತೋರಿಸಬಾರದಲ್ಲ? ಅದಕ್ಕೆ ಉಪಗ್ರಹವನ್ನು ನಿಧಾನವಾಗಿ ತಿರುಗಿಸುತ್ತಾರೆ. ನಾವೂ ಕ್ಯಾಷ್ ತಾಳೆಯಾಗದಿದ್ದರೆ ನೋಟಿನ ಕಟ್ಟನ್ನು ಬೇರೆಯವರ ಕೈಗೆ ಕೊಟ್ಟು ಎಣಿಸುತ್ತಿದ್ದೆವು.

ಇದರಿಂದ ಏನು ಸಿಗುತ್ತದೆ? 1054ರಲ್ಲಿ ಚೀನಾದವರು ಆಕಾಶದಲ್ಲಿ ಹೊಸ ನಕ್ಷತ್ರವೊಂದನ್ನು ಕಂಡು ಬರೆದಿಟ್ಟರು. ಅದು ಸಿಡಿದ ನಕ್ಷತ್ರ. ಅದರ ಅವಶೇಷವೇ ಏಡಿ ನೀಹಾರಿಕೆ, ಸುಮಾರು 6,500 ಜ್ಯೋತಿರ್ವರ್ಷ ದೂರ. ಅದರ ಎಕ್ಸ್-ಕಿರಣ ಧ್ರುವೀಕರಣಗೊಂಡಿದೆ ಎಂದು 1970ರ ದಶಕದಲ್ಲಿ ತಿಳಿಯಿತು. ಅಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಿವೆ ಎಂಬುದಕ್ಕೆ ಅದೇ ಸಾಕ್ಷಿ. ಯಾರೂ ಹೋಗಲಾರದ ಜಾಗದ ಸುದ್ದಿ, ಒಂದೊಂದಾಗಿ ಎಣಿಸಿದ್ದರಿಂದ ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಮೊಮ್ಮಗ ಸುಮ್ಮನೆ ಕುಂತ. ಆಮೇಲೆ, "ಎಣಿಸೋದು ಸಣ್ಣ ಕೆಲಸ ಅಲ್ಲ ಬಿಡು ಮುತ್ಯಾ" ಎಂದ. ನನಗೆ ಪಿಂಚಣಿ ಹೆಚ್ಚಾದಷ್ಟು ಖುಷಿಯಾಯಿತು.

ಈ ಭಾನುವಾರ ನೀವೂ ನೋಡಿ. ಒದ್ದೆಯಾದ ಶಹಾಬಾದ್ ಕಲ್ಲಿನ ಮೇಲೆ ಬಿಸಿಲು ಹೊಳೆಯುವಾಗ ಪೋಲರಾಯ್ಡ್ ಕನ್ನಡಕ ಹಾಕಿ, ಓರೆಯಾಗಿ ನೋಡುತ್ತ ತಲೆ ವಾಲಿಸಿ. ಹೊಳಪು ಹೆಚ್ಚು-ಕಡಿಮೆ ಆಗುತ್ತದೆ. ಆದರೆ ಯಾವ ಕನ್ನಡಕ ಹಾಕಿದರೂ ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ.