‘ಒಂದು ಒಳ್ಳೆ ನಾಟಕ ಹೇಳಿ’ ಎನ್ನುವವರಿಗೆ

ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಹೊರನಾಡಿನ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬೇಡಿಕೆ ತಪ್ಪದೆ ಬರುತ್ತದೆ. ‘ರಾಜ್ಯೋತ್ಸವಕ್ಕೆ ಒಂದು ಒಳ್ಳೆ ನಾಟಕ ಹೇಳಿ. ನಲವತ್ತು ನಿಮಿಷ, ಐದಾರು ಪಾತ್ರ, ಹೆಣ್ಣು ಪಾತ್ರ ಎರಡಕ್ಕಿಂತ ಜಾಸ್ತಿ ಬೇಡ, ಕಾಮಿಡಿ ಆದರೆ ಉತ್ತಮ.’ ಹತ್ತು ನಿಮಿಷದೊಳಗೆ ಉತ್ತರಗಳೂ ಬರುತ್ತವೆ. ಕೈಲಾಸಂ ಅವರದೊಂದು, ಪರ್ವತವಾಣಿಯವರದೊಂದು, ಮತ್ತೆ ಯಾರೋ ಕಾಲೇಜಿನಲ್ಲಿ ಆಡಿದ್ದ, ಬರೆದವರ ಹೆಸರು ಯಾರಿಗೂ ನೆನಪಿಲ್ಲದ ಪ್ರಹಸನವೊಂದರ ಮಸುಕು ಪಿಡಿಎಫ್. ಮುಂಬೈ ಇರಲಿ ಹೈದರಾಬಾದ್ ಇರಲಿ, ಪಟ್ಟಿ ಹೆಚ್ಚುಕಡಿಮೆ ಇದೇ. ಬೇಡಿಕೆಯಲ್ಲಿ ನಿಮಿಷದ ಲೆಕ್ಕವಿದೆ, ಪಾತ್ರದ ಲೆಕ್ಕವಿದೆ. ನಾಟಕ ಯಾವುದರ ಬಗ್ಗೆ ಇರಬೇಕು ಎಂಬುದಿಲ್ಲ. ಅಡುಗೆಯವರಿಗೆ ಹೇಳುವಾಗಲಾದರೂ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂದು ಸ್ಪಷ್ಟವಾಗಿ ಹೇಳುತ್ತೇವೆ.

ಯಾಕೆ ಹೀಗೆ ಎಂದು ಕೇಳಿದರೆ ಕಾರ್ಯದರ್ಶಿಗಳ ಬಳಿ ಸಿದ್ಧ ಉತ್ತರವಿದೆ: ‘ಹೊಸ ಕಿರುನಾಟಕ ಎಲ್ಲಿದೆ ಸ್ವಾಮಿ, ಯಾರು ಬರೀತಾರೆ?’ ಯಾರೂ ಓದದ, ಯಾರೂ ಆಡದ, ಯಾರೂ ದುಡ್ಡು ಕೊಡದ ಪ್ರಕಾರವನ್ನು ಯಾರು ಬರೀತಾರೆ ಎಂದು ನಾನೂ ತಿರುಗಿ ಕೇಳಬಹುದು. ಹೊಸ ನಾಟಕ ಮರದಿಂದ ಉದುರುವ ಹಣ್ಣಲ್ಲ. ಯಾರೋ ಒಬ್ಬರು ಓದಿ, ಇದನ್ನು ಆಡಿ ಎಂದು ಹೆಸರು ಹಿಡಿದು ಹೇಳಬೇಕು, ಇನ್ನೊಬ್ಬರು ಆಡಬೇಕು, ಆಗ ಮೂರನೆಯವರಿಗೆ ಬರೆಯುವ ಆಸೆ ಹುಟ್ಟುತ್ತದೆ. ಈ ಸರಪಳಿಯ ಮೊದಲ ಕೊಂಡಿಯೇ ನಮ್ಮಲ್ಲಿಲ್ಲ.

ಕೈಲಾಸಂ ಮೇಲೆ ನನಗೇನೂ ತಕರಾರಿಲ್ಲ. ತಕರಾರು ನಾವು ಅವರನ್ನು ಬಳಸುವ ರೀತಿಯ ಮೇಲೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ, ಕಂಪನಿ ನಾಟಕಗಳ ಕಿರೀಟ, ಜರಿ, ಪೌರಾಣಿಕ ಕಂದಪದ್ಯಗಳ ಕಾಲದಲ್ಲಿ ಮಧ್ಯಮವರ್ಗದವರ ನಡುಮನೆಯನ್ನು ರಂಗಕ್ಕೆ ತಂದರು. ಎದುರಿಗೆ ಕುಳಿತವರು ಮನೆಯಲ್ಲಿ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ಪಾತ್ರಗಳ ಬಾಯಿಗೆ ಹಾಕಿದರು. ‘ಟೊಳ್ಳು ಗಟ್ಟಿ’ ಪರೀಕ್ಷೆಯ ಅಂಕವೇ ಸರ್ವಸ್ವ ಎಂದು ನಂಬಿದ್ದ ಅಪ್ಪಂದಿರಿಗೆ ಅವರ ಮುಖದೆದುರೇ ಕೊಟ್ಟ ಏಟು. ಅದು ಅವತ್ತಿನ ಹೊಸ ನಾಟಕ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಇವತ್ತು ನಾವು ಆ ಮಾತುಗಳನ್ನು ಉರುಹೊಡೆದು, ಪಂಚೆ ಕೋಟು ಬಾಡಿಗೆಗೆ ತಂದು, ಅಜ್ಜನ ಕಾಲದ ಕನ್ನಡವನ್ನು ಮ್ಯೂಸಿಯಂ ತೋರಿಸಿದಂತೆ ಮಕ್ಕಳಿಗೆ ತೋರಿಸುತ್ತೇವೆ. ಕೈಲಾಸಂ ಮಾಡಿದ್ದನ್ನು ಮಾಡುವುದು ಅಂದರೆ ಪುಣೆಯಲ್ಲಿ ಹುಟ್ಟಿದ ಹುಡುಗಿ ಮರಾಠಿ ಬೆರೆಸಿ ಆಡುವ ಕನ್ನಡವನ್ನು, ಚೆನ್ನೈನ ಹುಡುಗ ತಮಿಳಿನ ರಾಗದಲ್ಲಿ ಆಡುವ ಕನ್ನಡವನ್ನು ನಾಚಿಕೆಯಿಲ್ಲದೆ ರಂಗದ ಮೇಲೆ ನಿಲ್ಲಿಸುವುದು. ಆ ಹುಡುಗಿಯನ್ನು ನಾವು ಮಾಡುತ್ತಿರುವುದೇನು? ಸ್ವಾಗತಗೀತೆಗೆ ಸಾಲಾಗಿ ನಿಲ್ಲಿಸುತ್ತೇವೆ, ಉಚ್ಚಾರ ಸರಿಯಿಲ್ಲ ಎಂದು ನಾಟಕದಿಂದ ಬಿಡುತ್ತೇವೆ.

ಇನ್ನು ಕೆಲವು ಸಂಘಗಳು ಕಾಮಿಡಿ ಬೇಡ, ಗಂಭೀರವಾದದ್ದು ಬೇಕು ಎಂದು ಹೊರಡುತ್ತವೆ. ಅವರು ಮಾಡುವುದು ಇನ್ನೂ ಅಪಾಯದ ಕೆಲಸ. ‘ತುಘಲಕ್’ ನಾಟಕದ ಹದಿಮೂರು ದೃಶ್ಯಗಳನ್ನು ಮುಕ್ಕಾಲು ಗಂಟೆಗೆ ಹಿಂಡುತ್ತಾರೆ. ಹಾಗೆ ಹಿಂಡಿದ ಮೇಲೆ ಉಳಿಯುವುದು ಗಡ್ಡ ಮತ್ತು ಪೇಟ. ಕಿರುನಾಟಕ ಅಂದರೆ ಕತ್ತರಿಸಿದ ದೊಡ್ಡ ನಾಟಕವಲ್ಲ. ಪರದೆ ಸರಿಯುವ ಹೊತ್ತಿಗೆ ಜಗಳ ಅರ್ಧ ನಡೆದುಹೋಗಿರಬೇಕು. ಪರಿಚಯ, ಹಿನ್ನೆಲೆ, ಉಪಕಥೆಗಳಿಗೆ ಅಲ್ಲಿ ಜಾಗವಿಲ್ಲ. ಕುವೆಂಪು ಅವರ ‘ಜಲಗಾರ’ ನೋಡಿ. 1928ರ ಪುಟ್ಟ ನಾಟಕ, ಬರೆದವರಿಗೆ ಆಗ ಇಪ್ಪತ್ತರ ಹರೆಯ. ಊರೆಲ್ಲ ಶಿವನ ಜಾತ್ರೆಗೆ ಹೋಗುವಾಗ ಬೀದಿ ಗುಡಿಸುವವನು ಬೀದಿಯಲ್ಲೇ ಉಳಿಯುತ್ತಾನೆ, ಶಿವನೇ ಜಲಗಾರನಾಗಿ ಅವನ ಬಳಿಗೆ ಬರುತ್ತಾನೆ. ಇವತ್ತು ಅಷ್ಟೇ ವಯಸ್ಸಿನ ಯಾರಾದರೂ ಅಷ್ಟೇ ಧೈರ್ಯದ ಸ್ಕ್ರಿಪ್ಟ್ ತಂದರೆ ನಮ್ಮ ಕಮಿಟಿಗಳು ಏನು ಹೇಳುತ್ತವೆ ಎಂದು ನಿಮಗೂ ಗೊತ್ತು: ‘ಚೆನ್ನಾಗಿದೆ ಕಣಪ್ಪ, ಆದರೆ ಹಬ್ಬದ ದಿನ ಇದೆಲ್ಲ ಯಾಕೆ?’

ನಾನಿರುವ ಪುಣೆಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಕಣ್ಣೆದುರೇ ನಡೆಯುತ್ತದೆ. ಮರಾಠಿ ಕಾಲೇಜು ಹುಡುಗರ ಪುರುಷೋತ್ತಮ ಕರಂಡಕ ಎಂಬ ಏಕಾಂಕ ನಾಟಕ ಸ್ಪರ್ಧೆ 1963ರಿಂದ ಇದೆ. ಮಳೆಗಾಲ ಬಂತೆಂದರೆ ಸದಾಶಿವ ಪೇಟೆಯ ಭರತ ನಾಟ್ಯ ಮಂದಿರದ ಸುತ್ತ ಹುಡುಗರ ಗದ್ದಲ. ಅಲ್ಲಿ ಕೆಟ್ಟ ನಾಟಕಗಳೂ ಬೇಕಾದಷ್ಟು ಬರುತ್ತವೆ, ಬರಲಿ. ‘ಮಹಾನಿರ್ವಾಣ’ ಬರೆದ ಸತೀಶ್ ಆಳೇಕರ್ ಇದೇ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಕೆಲಸ ಮಾಡುತ್ತಲೇ ನಾಟಕಕಾರರಾದವರು. ಆಫೀಸಿನಿಂದ ಸಮಯ ಸಿಗುವುದಿಲ್ಲ ಎನ್ನುವ ನಮ್ಮ ಐಟಿ ಮಿತ್ರರಿಗೆ ಇದನ್ನು ಆಗಾಗ ನೆನಪಿಸುತ್ತಿರುತ್ತೇನೆ. ಮರಾಠಿಗರಿಗೆ ನಮಗಿಂತ ಪ್ರತಿಭೆ ಹೆಚ್ಚು ಎಂದಲ್ಲ. ಅಲ್ಲಿ ಹೊಸ ಸ್ಕ್ರಿಪ್ಟಿಗೆ ವರ್ಷವರ್ಷವೂ ಒಂದು ತಾರೀಖು ಇದೆ. ನಮ್ಮಲ್ಲಿ ತಾರೀಖು ಇರುವುದು ಸನ್ಮಾನಕ್ಕೆ ಮಾತ್ರ.

ವಸ್ತುವಿಗೆ ಬರ ಎನ್ನುವಂತಿಲ್ಲ. ಮುಂಬೈಯ ಕನ್ನಡಿಗರನ್ನು ಚಿತ್ತಾಲರು, ವ್ಯಾಸರಾಯ ಬಲ್ಲಾಳರು, ಜಯಂತ ಕಾಯ್ಕಿಣಿಯವರು ಕಥೆ ಕಾದಂಬರಿಗಳಲ್ಲಿ ಎಷ್ಟು ಬರೆದಿದ್ದಾರೆ! ಆ ಜನ ಸಂಘದ ವೇದಿಕೆಯ ಮೇಲೆ ಬರುವುದೇ ಅಪರೂಪ. ಒಂದು ಆಸ್ಪತ್ರೆಯ ಬೆಂಚು ಊಹಿಸಿಕೊಳ್ಳಿ. ಊರಿಂದ ಬಂದ ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಡಾಕ್ಟರು ಹಿಂದಿಯಲ್ಲಿ ಹೇಳುತ್ತಾರೆ, ಮಗ ಕನ್ನಡಕ್ಕೆ ತಿರುಗಿಸುತ್ತಾನೆ, ತಿರುಗಿಸುವಾಗ ಅರ್ಧ ನುಂಗುತ್ತಾನೆ. ಅಮ್ಮ ಕೇಳಿದ್ದನ್ನೂ ಅರ್ಧವೇ ಡಾಕ್ಟರಿಗೆ ಮುಟ್ಟಿಸುತ್ತಾನೆ. ಹಿಂದಿ ಬಲ್ಲ ಪ್ರೇಕ್ಷಕರಿಗೆ ಎರಡೂ ಕಡೆಯ ಸುಳ್ಳು ಗೊತ್ತಾಗುತ್ತಿದೆ, ಅಮ್ಮನಿಗೆ ಗೊತ್ತಾಗುತ್ತಿಲ್ಲ. ಅಥವಾ ಗೊತ್ತಾಗುತ್ತಿದೆಯೋ? ಮೂರು ಪಾತ್ರ, ಒಂದು ಬೆಂಚು, ಇಪ್ಪತ್ತೈದು ನಿಮಿಷ. ಇದನ್ನು ಬೆಂಗಳೂರಿನಲ್ಲಿ ಕೂತು ಬರೆಯುವುದು ಕಷ್ಟ, ಅಲ್ಲಿ ಡಾಕ್ಟರಿಗೆ ಕನ್ನಡ ಬಂದುಬಿಡಬಹುದು. ಭಾಷೆಯ ನಡುವಿನ ಈ ಇಕ್ಕಟ್ಟು ನಮ್ಮ ದಿನದ ಬದುಕು. ಕಾರ್ನಾಡರ ‘ಒಡಕಲು ಬಿಂಬ’ ಇಂಥದೇ ಇಕ್ಕಟ್ಟನ್ನು ಮುಟ್ಟಿದ ಏಕಾಂಕ: ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರಾದ ಕನ್ನಡ ಲೇಖಕಿ, ಟಿವಿ ಸ್ಟುಡಿಯೋದಲ್ಲಿ ಅವಳನ್ನೇ ಪ್ರಶ್ನಿಸುವ ಅವಳ ಬಿಂಬ. ಒಬ್ಬಳೇ ನಟಿ ಸಾಕು. ಅದು ಬಂದೂ ಎರಡು ದಶಕ ಆಯಿತು.

‘ಹೊಸದಕ್ಕೆ ಜನ ಬರೋಲ್ಲ’ ಎಂಬ ವಾದವಂತೂ ಸಂಘಗಳ ಬಾಯಲ್ಲಿ ತಮಾಷೆಯಾಗಿ ಕೇಳಿಸುತ್ತದೆ. ಬೆಂಗಳೂರಿನ ತಂಡವೊಂದು ಹೊಸ ನಾಟಕ ಹಾಕಿದರೆ ಟಿಕೆಟ್ ಮಾರಬೇಕು, ಸೀಟು ಖಾಲಿ ಉಳಿದರೆ ಕೈಯಿಂದ ಕಟ್ಟಬೇಕು. ನಿಮ್ಮ ಪ್ರೇಕ್ಷಕರು ಸನ್ಮಾನಕ್ಕೂ ಊಟಕ್ಕೂ ನಡುವೆ ಕುಳಿತಿದ್ದಾರೆ. ಊಟ ಆಗುವ ತನಕ ಅವರು ಎಲ್ಲಿಗೂ ಹೋಗುವುದಿಲ್ಲ. ಕನ್ನಡ ರಂಗಭೂಮಿಯಲ್ಲಿ ಧೈರ್ಯ ಮಾಡಲು ಇಷ್ಟು ಅನುಕೂಲ ಇನ್ನಾರಿಗಿದೆ?

ಇನ್ನು ದುಡ್ಡಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ರಿಯಾಯಿತಿ ಇದೆ. ಹಣ ಕೊಡದೆ ನೋಡುವ ಪ್ರೇಕ್ಷಕರ ಎದುರು ನಾಟಕ ಆಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಇದನ್ನು ಬಲ್ಲ ಖಜಾಂಚಿಗಳು ಅದನ್ನೇ ಗುರಾಣಿ ಮಾಡಿಕೊಂಡಿದ್ದಾರೆ. ಸರಿ, ಕಾನೂನು ಬಿಟ್ಟಿದೆ. ಆದರೆ ಸಭಾಂಗಣದವರು ಬಿಟ್ಟಿಲ್ಲ, ಮೈಕಿನವರು ಬಿಟ್ಟಿಲ್ಲ, ಹಾರ ಶಾಲು ಮಾರುವವರೂ ಬಿಟ್ಟಿಲ್ಲ. ಆ ಸಂಜೆ ದುಡ್ಡು ಕಾಣದವನು ಒಬ್ಬನೇ, ನಾಟಕ ಬರೆದವನು. ಎಷ್ಟೋ ಸಲ ಅವನ ಹೆಸರು ಆಮಂತ್ರಣ ಪತ್ರಿಕೆಯಲ್ಲೂ ಇರುವುದಿಲ್ಲ, ಮುಖ್ಯ ಅತಿಥಿಗಳ ಪದವಿಗಳೆಲ್ಲ ಇರುತ್ತವೆ. ಬದುಕಿರುವ ಲೇಖಕರಿಗಿಂತ ತೀರಿಕೊಂಡವರನ್ನೇ ನಾವು ಮೆಚ್ಚುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನುಮಾನ.

ಮಹಾರಾಷ್ಟ್ರದಲ್ಲಿರುವ ನಮಗೆ ಇನ್ನೊಂದು ನೆಪ ಸಿಗುತ್ತದೆ. ಇಲ್ಲಿ ಸ್ಕ್ರಿಪ್ಟನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಮುಂದಿಡಬೇಕೆಂಬ ನಿಯಮವಿದೆ. ಅಮೋಲ್ ಪಾಲೇಕರ್ ಅದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಹೋದರು. ನಿಯಮ ನನಗೂ ಇಷ್ಟವಿಲ್ಲ. ಆದರೆ ಇದೇ ನಿಯಮದ ಕೆಳಗೇ ಮರಾಠಿಯವರು ಹೊಸ ನಾಟಕಗಳ ರಾಶಿ ಹಾಕಿದ್ದಾರೆ.

ಈ ಪತ್ರಿಕೆಯ ಓದುಗರಿಗೂ ಒಂದು ಮಾತಿದೆ. ನಾವು ಕಾದಂಬರಿಗೆ ವಿಮರ್ಶೆ ಬರೆಯುತ್ತೇವೆ, ಸಿನಿಮಾ ನೋಡಿದ ರಾತ್ರಿಯೇ ತೀರ್ಪು ಕೊಡುತ್ತೇವೆ. ನಾಟಕದ ಪುಸ್ತಕ ಓದಿದವರು ಮಾತ್ರ ಬಾಯಿ ಬಿಡುವುದಿಲ್ಲ. ಶಿಫಾರಸು ಅಂದರೆ ‘ಸೂಪರ್, ತಪ್ಪದೆ ಓದಿ’ ಅಲ್ಲ. ಗಟ್ಟಿಯಾಗಿ ಓದಿದಾಗ ಎಷ್ಟು ನಿಮಿಷ ಹಿಡಿಯಿತು, ಯಾವ ಪಾತ್ರಕ್ಕೆ ಅನುಭವಿ ನಟರು ಬೇಕು, ಎಲ್ಲಿ ಸಡಿಲಾಗಿದೆ, ಮಂಚವಿಲ್ಲದೆ ನಡೆಯುತ್ತದೆಯೇ, ಅನುಮತಿಗೆ ಯಾರನ್ನು ಕೇಳಬೇಕು, ಇಷ್ಟನ್ನು ಬರೆದರೆ ಆಡಿಸುವವರಿಗೆ ಕೆಲಸಕ್ಕೆ ಬರುತ್ತದೆ. ಸಡಿಲಾದ ಜಾಗವನ್ನು ಮುಚ್ಚಿಡಬೇಡಿ. ಪರವಾಗಿಲ್ಲ ಎನ್ನುವ ಒಂದು ಹೊಸ ನಾಟಕಕ್ಕೆ ಪ್ರಾಮಾಣಿಕ ಅರ್ಧ ಪುಟ, ಕೈಲಾಸಂ ಬಗೆಗಿನ ಇನ್ನೊಂದು ಲೇಖನಕ್ಕಿಂತ ನನಗೆ ಹೆಚ್ಚು.

ನವೆಂಬರ್ ಕಾರ್ಯಕ್ರಮದ ಬಜೆಟ್ಟಿಗೆ ಕೂರುವ ಕಮಿಟಿಯವರೇ, ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ಬರೆದ ಸಾಲಿನ ಕೆಳಗೆ ಇನ್ನೊಂದು ಸಾಲು ಹಾಕಿ: ಹೊಸ ನಾಟಕ, ಲೇಖಕರ ಗೌರವಧನ. ಮೊತ್ತ ಶಾಲುಗಳ ಖರ್ಚಿನಷ್ಟೇ ಇರಲಿ, ಸದ್ಯಕ್ಕೆ ಅಷ್ಟು ಸಾಕು. ಸ್ಕ್ರಿಪ್ಟ್ ಆಗಸ್ಟಿನಲ್ಲೇ ಕೇಳಿ, ಅಕ್ಟೋಬರ್ ಕೊನೆಯ ವಾರದಲ್ಲಲ್ಲ.