ಅಳತೆಗೂ ಸರದಿ ಬೇಕು

ಮಿಂಚು ಕಣ್ಣಿಗೆ ಬಿದ್ದೊಡನೆ ಒಂದು, ಎರಡು, ಮೂರು ಎಂದು ಎಣಿಸತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ಲೆಕ್ಕ ಹಾಕುವ ಆಟವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಆಡಿರಬಹುದು. ವೇಗವನ್ನು ಕಾಲದಿಂದ ಗುಣಿಸಿದರೆ ದೂರ ದೊರೆಯುವುದೆಂಬುದೇ ಅದರ ತತ್ತ್ವ. ಇಂದಿನ ನಿಸ್ತಂತು ಉಪಕರಣಗಳು ತಮ್ಮತಮ್ಮೊಳಗಿನ ಅಂತರವನ್ನು ಅಳೆಯುವುದೂ ಇದೇ ತತ್ತ್ವದಿಂದ. ಆದರೆ ಸೂತ್ರವನ್ನು ಕಲಿತೊಡನೆ ವಿಷಯ ಮುಗಿಯಿತೆಂದು ನಾವು ಭಾವಿಸುತ್ತೇವೆ. ಯಾರು, ಯಾವಾಗ, ಯಾರ ಬಳಿಕ ಅಳೆಯಬೇಕೆಂಬುದನ್ನು ಗುಮಾಸ್ತನ ಕೆಲಸವೆಂದು ಬದಿಗಿಡುತ್ತೇವೆ. ಇದು ದೊಡ್ಡ ತಪ್ಪೆಂಬುದು ನಮ್ಮ ಅಭಿಪ್ರಾಯ.

ರೇಡಿಯೊ ಅಲೆ ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರು, ಎಂದರೆ ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಒಂದು ಉಪಕರಣ ಕರೆ ಕಳುಹಿಸುತ್ತದೆ. ಇನ್ನೊಂದು ಉತ್ತರ ಕೊಡುತ್ತದೆ. ಹೋಗಿಬರಲು ಹಿಡಿದ ಕಾಲದಲ್ಲಿ ಉತ್ತರಕ್ಕಾಗಿ ಕಾದ ಕಾಲವನ್ನು ಕಳೆದು ಅರ್ಧಿಸಿದರೆ ಪಯಣದ ಕಾಲ ಸಿಗುತ್ತದೆ. ಆದರೆ ಎರಡು ಸ್ಫಟಿಕ ಗಡಿಯಾರಗಳು ಎಂದೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಅವುಗಳ ನಡುವೆ ಹತ್ತು ಲಕ್ಷದಲ್ಲಿ 20 ಪಾಲಿನಷ್ಟು ವ್ಯತ್ಯಾಸವಿದ್ದು, ಉತ್ತರಕ್ಕೆ ಒಂದು ಮಿಲಿಸೆಕೆಂಡು ತಡವಾದರೆ, ಪಯಣದ ಕಾಲದಲ್ಲಿ 10 ನ್ಯಾನೊಸೆಕೆಂಡುಗಳ, ಎಂದರೆ 3 ಮೀಟರುಗಳ ತಪ್ಪು ನುಸುಳುತ್ತದೆ. ಆದುದರಿಂದ ಮೂರನೆಯ ಸಂದೇಶವೊಂದನ್ನು ಕಳುಹಿಸಿ, ಎರಡು ಸುತ್ತಿನ ಕಾಲಗಳನ್ನು ಹೋಲಿಸಿ, ಆ ದೋಷವನ್ನು ಬಹುಮಟ್ಟಿಗೆ ಕಳೆಯುತ್ತಾರೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊಗಳು ಹೀಗೆ ಸುಮಾರು 10 ಸೆಂಟಿಮೀಟರು ನಿಖರತೆಯಿಂದ ಅಳೆಯಬಲ್ಲವು.

ಈಗ ದೊಡ್ಡದೊಂದು ಉಗ್ರಾಣವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 49 ಕೆಲಸಗಾರರು. ಹೊರೆ ಎತ್ತುವ ಒಂದು ಬಂಡಿ. ಬಂಡಿ ಹತ್ತಿರ ಬಂದರೆ ಎಚ್ಚರಿಸಲೆಂದು ಪ್ರತಿಯೊಬ್ಬನ ಬಳಿಯೂ ಒಂದೊಂದು ಉಪಕರಣವಿದೆ. ಎಲ್ಲವೂ ಒಂದೇ ಆಕಾಶದಲ್ಲಿ ಮಾತನಾಡಬೇಕು. ಎರಡು ಏಕಕಾಲಕ್ಕೆ ನುಡಿದರೆ ಎರಡೂ ಕೆಡಬಹುದು. 50 ಉಪಕರಣಗಳಿಂದ 1225 ಜೋಡಿಗಳಾಗುತ್ತವೆ. ಒಂದು ಸಂದೇಶಕ್ಕೆ ಒಂದು ಮಿಲಿಸೆಕೆಂಡಿನಂತೆ ಜೋಡಿಗೆ ಮೂರು ಮಿಲಿಸೆಕೆಂಡು ಹಿಡಿದರೂ, ಎಲ್ಲ ಜೋಡಿಗಳಿಗೂ ಸಮನಾಗಿ ಸರದಿ ಹಂಚಿದಲ್ಲಿ ಒಂದು ಸುತ್ತಿಗೆ 3.7 ಸೆಕೆಂಡುಗಳಾದವು. ಸೆಕೆಂಡಿಗೆ 3 ಮೀಟರು ವೇಗದ ಬಂಡಿ ಅಷ್ಟರಲ್ಲಿ 11 ಮೀಟರು ಮುಂದೆ ಬಂದಿರುತ್ತದೆ. 10 ಸೆಂಟಿಮೀಟರು ನಿಖರತೆಯ ಅಳತೆ ಇದ್ದೂ ಏನು ಫಲ? ಅಳತೆ ಸರಿಯಾಗಿಯೇ ಇದೆ. ಆದರೆ ಅದು ಹಳಸಿದ ಅಳತೆ. ಅದನ್ನು ನಂಬಿ ನಿಂತ ಮನುಷ್ಯನ ಪ್ರಾಣಕ್ಕೆ ಅಪಾಯ.

ಇದಕ್ಕೆ ಪರಿಹಾರ ಇನ್ನೂ ಉತ್ತಮವಾದ ಗಡಿಯಾರವಲ್ಲ, ಉತ್ತಮವಾದ ವೇಳಾಪಟ್ಟಿ. ಇಬ್ಬರು ಕೆಲಸಗಾರರ ನಡುವಣ ದೂರ ಇಲ್ಲಿ ಬೇಕಾಗಿಲ್ಲ. ಬಂಡಿಯೊಡನೆ ಕೂಡುವ 49 ಜೋಡಿಗಳನ್ನು ಮಾತ್ರ ಅಳೆದರೆ 147 ಮಿಲಿಸೆಕೆಂಡು ಸಾಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬಂಡಿ ಒಂದೇ ಕರೆ ಕೊಡಲಿ. ಎಲ್ಲರೂ ಅದನ್ನು ಕೇಳಿ, ತಮ್ಮತಮ್ಮ ಸರದಿಯಲ್ಲಿ ಉತ್ತರಿಸಲಿ. ಕೊನೆಗೆ ಬಂಡಿ ತಾನು ಗುರುತಿಸಿದ ಕಾಲಗಳನ್ನು ಒಂದೇ ಸಂದೇಶದಲ್ಲಿ ಸಾರಲಿ. ಒಟ್ಟು 51 ಸಂದೇಶಗಳು, 51 ಮಿಲಿಸೆಕೆಂಡುಗಳು. ಅಷ್ಟರಲ್ಲಿ ಬಂಡಿ ಚಲಿಸುವುದು ಸುಮಾರು 15 ಸೆಂಟಿಮೀಟರು ಮಾತ್ರ. ಕೆಲಸಗಾರನ ಉಪಕರಣವೇ ದೂರವನ್ನು ಲೆಕ್ಕ ಹಾಕಿ ಅವನನ್ನು ಎಚ್ಚರಿಸಬಲ್ಲದು. ಆದರೆ ಆ ಕೊನೆಯ ಸಂದೇಶವನ್ನು ಉಳಿತಾಯದ ಆಸೆಯಿಂದ ಬಿಟ್ಟುಬಿಟ್ಟರೆ, 49 ಮಿಲಿಸೆಕೆಂಡು ಕಾದವನ ಅಳತೆಯಲ್ಲಿ ಗಡಿಯಾರದ ದೋಷದಿಂದಲೇ ಸುಮಾರು 150 ಮೀಟರು ತಪ್ಪಾಗಬಹುದು! ಸರದಿಯ ಕ್ರಮವೂ ಅಳತೆಯ ನಿಖರತೆಯೂ ಬೇರೆಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟೆಲ್ಲ ಕಟ್ಟುಪಾಡೇಕೆ, ಪ್ರತಿಯೊಂದೂ ತನಗೆ ತೋಚಿದಾಗ ಮಾತನಾಡಲಿ ಎಂದು ಕೆಲವರು ಹೇಳಿಯಾರು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಲೋಹಾ ಜಾಲ ಇದೇ ಬಗೆಯದು. ಅಂಥ ಸ್ವೇಚ್ಛೆಯಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಕಾಲ ಮಾತ್ರ ಸಫಲವಾಗುತ್ತದೆಂದು ಗಣಿತ ಹೇಳುತ್ತದೆ. ಕಾಲವನ್ನು ಸಮಭಾಗಗಳಾಗಿ ಕತ್ತರಿಸಿ, ಭಾಗದ ಆರಂಭದಲ್ಲೇ ನುಡಿಯಬೇಕೆಂದು ವಿಧಿಸಿದರೆ ಅದು ಶೇಕಡ 37ಕ್ಕೆ ಏರುತ್ತದೆ. ಉಳಿದುದು ಘರ್ಷಣೆಯಲ್ಲಿಯೂ ಮೌನದಲ್ಲಿಯೂ ವ್ಯರ್ಥ. ಆದರೂ ಈ ವಾದವನ್ನು ನಾವು ಪೂರ್ಣವಾಗಿ ತಳ್ಳಿಹಾಕಲಾರೆವು. ಹೊಸದಾಗಿ ಒಳಬಂದವನಿಗೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಅವನಿಗಾಗಿ ಕೆಲವು ಸರದಿಗಳನ್ನು ತೆರೆದಿಡಲೇಬೇಕು.

ಎಲ್ಲರಿಗೂ ಸಮಾನ ಸರದಿಯೇ ನ್ಯಾಯವೆಂಬ ಮಾತೂ ಉಂಟು. ವಿಮಾನಗಳು ನೆಲದ ಕೇಂದ್ರದಿಂದ ತಮ್ಮ ದೂರವನ್ನು ತಿಳಿಯಲು ಡಿ.ಎಂ.ಇ. ಎಂಬ ಸಾಧನವನ್ನು ದಶಕಗಳಿಂದ ಬಳಸುತ್ತಿವೆ. ಪ್ರಶ್ನೆಗಳು ಮಿತಿಮೀರಿದಾಗ ಕೇಂದ್ರ ತನ್ನ ಕಿವಿಯನ್ನು ಕೊಂಚ ಮಂದ ಮಾಡಿಕೊಳ್ಳುತ್ತದೆ. ಆಗ ಪ್ರಬಲವಾಗಿ ಕೇಳುವ, ಬಹುಮಟ್ಟಿಗೆ ಹತ್ತಿರದ ವಿಮಾನಗಳಿಗೆ ಮಾತ್ರ ಉತ್ತರ ಸಿಗುತ್ತದೆ. ಇದು ಪಕ್ಷಪಾತವಲ್ಲ, ವಿವೇಕ. ಬಂಡಿಯ ಸಮೀಪದಲ್ಲಿರುವವನನ್ನು ಹತ್ತು ಬಾರಿ, ದೂರದ ಮೂಲೆಯಲ್ಲಿ ಕುಳಿತವನನ್ನು ಒಂದು ಬಾರಿ ಅಳೆಯುವುದೇ ನಿಜವಾದ ನ್ಯಾಯ.

ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಅಳತೆಯನ್ನು ಬರೆದು, ಅದರ ಮುಂದೆ ಎಷ್ಟು ತಪ್ಪಿರಬಹುದೆಂದು ಸೂಚಿಸುವುದನ್ನು ಕಲಿಯುತ್ತಾರೆ. ಒಳ್ಳೆಯ ಅಭ್ಯಾಸವೇ ಸರಿ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣವನ್ನೂ ಎಳೆಯಬೇಕೆಂದು ನಾವು ಸಲಹೆ ಮಾಡುತ್ತೇವೆ: ಈ ಅಳತೆ ಯಾವಾಗಿನದು? ಚಲಿಸುವ ಜಗತ್ತಿನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದ ಅಂಕಿ ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ನಂಬಿ ಹೆಜ್ಜೆ ಇಡಲಾಗದು.